ಬಾಡಿಗೆ ಮನೆ ಕೇಳುವ ಇಬ್ಬರು

ನಾನು ಮೂರನೇ ಮಹಡಿಯಿಂದ ಇಳಿಯುತ್ತಿದ್ದೆ, ಕೆಲಸದಲ್ಲಿ ನನ್ನ ಜೋಡಿಯಾದವರು ಹತ್ತುತ್ತಿದ್ದರು. ಹೀಗೆ ಎದುರಾದಾಗ ಗುರುತೇ ಇಲ್ಲದವರಂತೆ ಹಾದುಹೋಗಬೇಕೆಂಬುದು ನಮ್ಮ ಸಂಘದ ನಿಯಮ. ನಾನು ಕೈಚೀಲ ಸರಿಪಡಿಸಿಕೊಂಡು ಗೋಡೆ ನೋಡುತ್ತಾ ಇಳಿದೆ. ಅವರು ಮೆಟ್ಟಿಲ ಮೇಲೆ ನಿಂತೇಬಿಟ್ಟರು.

"ಮನೆ ಹೇಗಿದೆ ಮೇಡಂ?"

ನನಗೆ ಮೈಯೆಲ್ಲ ಉರಿಯಿತು. ಬೆಳಗಿನ ಕೆಲಸವೆಲ್ಲ ನೀರುಪಾಲು!

"ತಲೆ ನೆಟ್ಟಗಿದೆಯಾ ನಿಮಗೆ? ಸುಮ್ಮನೆ ಮೇಲೆ ಹೋಗಿ," ಎಂದು ಪಿಸುಗುಟ್ಟಿದೆ.

ನಮ್ಮ ಕೆಲಸ ಇಷ್ಟೇ. ನಾನು ಕಪ್ಪು, ಅವರು ಬಿಳುಪು. ನಾನು ಆಸ್ಪತ್ರೆಯ ಲ್ಯಾಬಿನಲ್ಲಿದ್ದೇನೆ, ಅವರು ಕನ್ನಡಕದ ಅಂಗಡಿ ಇಟ್ಟಿದ್ದಾರೆ. ಸಂಪಾದನೆ ಹೆಚ್ಚುಕಡಿಮೆ ಒಂದೇ. ಒಂದೇ ಮನೆಯನ್ನು ಮೊದಲು ನಾನು ಬಾಡಿಗೆಗೆ ಕೇಳುತ್ತೇನೆ, ಸ್ವಲ್ಪ ಹೊತ್ತಿನ ಮೇಲೆ ಅವರು. ನನಗೆ "ಈಗಷ್ಟೇ ಬೇರೆಯವರಿಗೆ ಕೊಟ್ಟುಬಿಟ್ವಿ" ಎಂದ ಬಾಯಿಯೇ ಅವರಿಗೆ "ಬನ್ನಿ ಸಾರ್, ಗಾಳಿ ಬೆಳಕು ಚೆನ್ನಾಗಿದೆ" ಎಂದರೆ ಸಂಘ ದೂರು ಹಾಕುತ್ತದೆ. ಬಣ್ಣ ನೋಡಿ ಬಾಗಿಲು ಹಾಕುವವರನ್ನು ಹೀಗೆ ಕೋರ್ಟಿಗೆ ಎಳೆದಿದ್ದೇವೆ. ಗೆದ್ದೂ ಇದ್ದೇವೆ.

ಆದರೆ ಜೋಡಿಯಾಗಿ ಕೆಲಸ ಮಾಡುವವರ ನಡುವೆ ಏನೂ ಇರಕೂಡದು. "ಪ್ರೇಮಿಗಳಿಬ್ಬರು ಸೇರಿ ಹೆಣೆದ ಕಥೆ ಸ್ವಾಮಿ," ಎಂದು ಎದುರಿನ ವಕೀಲರು ಅಂದರೆ ಸಾಕು, ಕೇಸು ಬಿದ್ದಂತೆ. ಹಾಗಾಗಿ ಇಷ್ಟು ವರ್ಷ ಅವರು ನನ್ನನ್ನು ನೋಡಿದ್ದು ಸಂಘದ ಮೀಟಿಂಗಿನಲ್ಲಿ, ಟೀ ಲೋಟದ ಅಂಚಿನ ಮೇಲಿಂದ. ನಾನು ಥಟ್ಟನೆ ತಿರುಗಿದರೆ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಇಣುಕುತ್ತಿದ್ದರು. ನನಗೇನು ಕಣ್ಣಿಲ್ಲವೇ? ನೋಡಲಿ ಎಂದೇ ಅವರೆದುರಿನ ಕುರ್ಚಿ ಹಿಡಿಯುತ್ತಿದ್ದೆ.

"ಊರೆಲ್ಲ ಮನೆ ನೋಡ್ತೀಯ, ಒಂದು ಗಂಡು ನೋಡು ಅಂದ್ರೆ ಪುರುಸೊತ್ತಿಲ್ಲ," ಎಂದು ಅಮ್ಮ ಗೊಣಗುತ್ತಾಳೆ. ನೋಡಿಟ್ಟಿದ್ದೇನೆ ಎಂದು ಹೇಳುವ ಹಾಗಿರಲಿಲ್ಲ.

ಹೋದ ವಾರ ಸಂಘ ನಡೆಸುವ ದೊಡ್ಡಕ್ಕನಿಗೆ ಹೇಳಿಬಿಟ್ಟಿದ್ದೆ, ಇನ್ನೊಂದೇ ಮನೆ, ಆಮೇಲೆ ನನ್ನನ್ನು ಬಿಡಿ ಅಂತ. ನಮ್ಮಿಂದ ದಂಡ ಕಟ್ಟಿದ್ದ ಮಾಲೀಕನೊಬ್ಬ ಮತ್ತೆ ಅದೇ ಮನೆಗೆ ಜಾಹೀರಾತು ಹಾಕಿ, ಮತ್ತೆ ಒಬ್ಬ ಕಪ್ಪು ನರ್ಸನ್ನು ಬಾಗಿಲಿಂದಲೇ ಅಟ್ಟಿದ್ದ. ಎಷ್ಟು ಗುಡಿಸಿದರೂ ಕಸ. "ಇಲ್ಲ" ಎನ್ನಿಸಿಕೊಂಡು ಒಬ್ಬಳೇ ಬಸ್ಸು ಹತ್ತಿ ಹತ್ತಿ ಸಾಕಾಗಿತ್ತು. ಬಿಡುತ್ತೇನೆ ಎಂದ ಮೇಲೆ ಮನಸ್ಸು ಹಗುರಾಗಬೇಕಿತ್ತು, ಆಗಲಿಲ್ಲ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ, ಅದು ನನಗೂ ಗೊತ್ತಿತ್ತು.

"ನಾನಿವತ್ತು ಕೆಲಸಕ್ಕೆ ಬಂದಿಲ್ಲ," ಎಂದರು ಮೆಟ್ಟಿಲ ಮೇಲೆ ನಿಂತೇ. "ಜೋಡಿಯಿಂದ ಹೆಸರು ತೆಗೆಸಿದೆ. ನನ್ನ ಬದಲು ಸಂಘದ ಇನ್ನೊಬ್ಬ ಬಿಳಿಯರು, ಆ ಪೋಸ್ಟ್‌ಮ್ಯಾನ್ ಬರ್ತಾರೆ. ಕೆಳಗೇ ಕಾಯೋಣ ಅಂದ್ಕೊಂಡೆ, ಕಾಲು ಕೇಳಲಿಲ್ಲ."

"ಯಾಕೆ ತೆಗೆಸಿದ್ರಿ?"

"ಹೇಳ್ತೀನಿ, ಬನ್ನಿ."

"ಮೊದಲು ನನ್ನ ವರದಿ. ಅಲ್ಲೀವರೆಗೂ ತುಟಿ ಬಿಚ್ಚಬೇಡಿ."

ಎದುರಿನ ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತು ಬರೆದೆ. ಮನೆಯೊಡತಿ ಅಂದ ಮಾತು, ಅರ್ಧವೇ ತೆರೆದ ಬಾಗಿಲು, ಅವಳ ಹೆಗಲ ಹಿಂದೆ ಕಂಡ ಖಾಲಿ ಕೋಣೆ. ಅವರು ಬೆಂಚಿನ ಇನ್ನೊಂದು ತುದಿಯಲ್ಲಿ ಕೈಕಟ್ಟಿ ಕೂತು ಬಸ್ಸುಗಳನ್ನು ನೋಡುತ್ತಿದ್ದರು. ಪೋಸ್ಟ್‌ಮ್ಯಾನ್ ಬಂದು, ನಮ್ಮತ್ತ ಕಣ್ಣೂ ಹಾಯಿಸದೆ ಕಟ್ಟಡದೊಳಗೆ ಹೋದರು.

"ಬಿಡ್ತೀನಿ ಅಂದೋರು ಇಷ್ಟು ಅಚ್ಚುಕಟ್ಟಾಗಿ ಬರೀತಾರಾ?"

"ತುಟಿ ಬಿಚ್ಚಬೇಡಿ ಅಂದೆ."

ಬರೆದದ್ದನ್ನು ಮಡಚಿ ಚೀಲದಲ್ಲಿಟ್ಟೆ. "ಈಗ ಹೇಳಿ."

"ನಮ್ಮಿಬ್ಬರ ಕೊನೇ ಕೇಸು ಮೊನ್ನೆ ಮುಗೀತು. ಅದಕ್ಕೇ ಕಾಯ್ತಿದ್ದೆ. ನೀವು ಬಿಡ್ತೀರಂತೆ, ದೊಡ್ಡಕ್ಕ ಹೇಳಿದ್ರು. ಇಬ್ಬರಲ್ಲಿ ಒಬ್ಬರು ಬಿಡಬೇಕು ಅಂದ್ರೆ ಅದು ನಾನು, ನೀವಲ್ಲ."

"ನನಗೆ ಸುಸ್ತಾಗಿದೆ ಕಣ್ರೀ."

"ನನಗೂ. ನೀವು ಹೋದ್ಮೇಲೆ ನಿಮ್ಮ ಬಗ್ಗೆ ಈ ಮಾಲೀಕರು ನನ್ನ ಹತ್ರ ಏನೇನಂತಾರೆ ಗೊತ್ತಾ? ನಾನು ನಕ್ಕು ತಲೆಯಾಡಿಸ್ಬೇಕು. ಮನೆಗೆ ಹೋದ್ರೆ ಊಟ ಸೇರಲ್ಲ."

ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಅವರಿಗೆ ಸಿಗುವುದು "ಬನ್ನಿ ಸಾರ್" ತಾನೇ, ಆರಾಮವಾಗಿದ್ದಾರೆ ಎಂದುಕೊಂಡಿದ್ದೆ. ಅವರ ಕಣ್ಣಂಚು ಕೆಂಪಾಗಿತ್ತು. ನನಗಾಗಿ ಇಷ್ಟೆಲ್ಲ ನುಂಗಿಕೊಂಡು ಬಂದ ಈ ಮನುಷ್ಯನ ಮೇಲೆ ತಡೆಯಲಾರದಷ್ಟು ಪ್ರೀತಿ ಉಕ್ಕಿತು.

"ಹಾಗಾದ್ರೆ ಸಂಘಾನೂ ಬಿಡ್ತೀರಾ?"

"ಎಲ್ಲಾದ್ರೂ ಉಂಟಾ? ಹೊಸಬರಿಗೆ ಕಲಿಸ್ತೀನಿ. ನಿಮ್ಮ ಕೇಸುಗಳ ಹತ್ರಕ್ಕೂ ಸುಳಿಯಲ್ಲ. ಆದ್ರೆ ನೀವು ಮನೆ ನೋಡಿ ಬರೋವರೆಗೂ ಬಸ್ ಸ್ಟಾಪಲ್ಲಿ ಕಾಯಬಹುದಲ್ಲ? ಅದಕ್ಕೆ ಯಾವ ನಿಯಮ ಅಡ್ಡ ಬರುತ್ತೆ?"

ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ಹೊರಬಂದರು. ಅವರನ್ನು ಮಾತಾಡಿಸುವಂತಿರಲಿಲ್ಲ. ಆದರೆ ಅವರ ತೋಳಿಗೆ ಗೋಡೆಯ ಹೊಸ ಬಣ್ಣ ಮೆತ್ತಿತ್ತು. ಒಳಗೆ ಕರೆದು, ಕೋಣೆ ಕೋಣೆ ಸುತ್ತಿಸಿ ತೋರಿಸಿದ್ದಳು ಮಹಾತಾಯಿ!

ನನ್ನ ಹಳೆಯ ಸಿಟ್ಟು ಮೈಕೊಡವಿ ಎದ್ದಿತು. ಎಷ್ಟು ದಿನವಾಗಿತ್ತು ಅದು ಬಂದು! ಅಲ್ಲೇ ದೊಡ್ಡಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ನಾನು ಬಿಡಲ್ಲ. ಒಂದು ತಿಂಗಳು ರಜಾ ಕೊಡಿ. ಈ ಕೆಲಸ ನಮ್ಮ ಕಾಲಕ್ಕೆ ಮುಗಿಯೋದಲ್ಲ, ಆಗಾಗ ಕೂತು ಎದ್ರೇನೇ ಆಗೋದು. ಬಂದ್ಮೇಲೆ ಪೋಸ್ಟ್‌ಮ್ಯಾನ್ ಜೊತೆ ಹಾಕಿ."

"ಅಬ್ಬಾ, ಬದುಕಿದೆ! ತಿಂಗಳೆಲ್ಲ ಏನ್ಮಾಡ್ತೀಯೇ?"

ನಾನು ಪಕ್ಕಕ್ಕೆ ನೋಡಿದೆ. "ಮದುವೆ ಮಾಡ್ಕೋತೀನಿ."

ಕನ್ನಡಕದ ಅಂಗಡಿಯವರು ಬೆಂಚಿನಿಂದ ಎದ್ದೇ ನಿಂತರು. ಕಿವಿ ಕೆಂಪಗಾಗಿತ್ತು. ಅತ್ತ ದೊಡ್ಡಕ್ಕ ಏನೋ ಕೂಗುತ್ತಿದ್ದರು, ಫೋನ್ ಇಟ್ಟೆ.

"ನನ್ನನ್ನ ಒಂದು ಮಾತು ಕೇಳೋದು ಬೇಡ್ವಾ?"

"ಈಗ ಕೇಳ್ತಿದ್ದೀನಲ್ಲ. ಇಲ್ಲ ಅಂತೀರಾ?"

"ನಿಮಗೆ ಇಲ್ಲ ಅನ್ನೋಕೆ ನಾನೇನು ಮನೆ ಮಾಲೀಕನಾ?" ಎಂದು ನಗುತ್ತಾ, ಹಾಡುಹಗಲಲ್ಲಿ, ಎಲ್ಲರ ಕಣ್ಣೆದುರಿಗೇ ನನ್ನ ಕೈ ಹಿಡಿದರು.