ಕೊಟ್ಟಿಗೆಯ ಎಲೆ

"ಆ ಕೂಸ ಒಳಕ್ಕ ತರಬ್ಯಾಡ."

ಪುಟ್ಟಗೌರಮ್ಮ ಹೊಸಿಲಿಗೆ ಅಡ್ಡ ನಿಂತಿದ್ದಳು. ಕೈಯಲ್ಲಿ ಕಡುಬಿನ ತಟ್ಟೆ, ಇನ್ನೂ ಹಬೆಯಾಡುತ್ತಿತ್ತು. ಅವಳ ಬೆನ್ನ ಹಿಂದೆ ನಡುಮನೆಯಲ್ಲಿ ಹನ್ನೊಂದು ಬಾಳೆಲೆಗಳು ಸಾಲಾಗಿ ಹರಡಿದ್ದವು. ಅವತ್ತು ಮಹಾಲಯ ಅಮಾವಾಸ್ಯೆ. ಲೊಕ್ಕನಹಳ್ಳಿಯ ಆ ಮನೆಯಲ್ಲಿ ತೀರಿಕೊಂಡವರಿಗೆ ತಲೆಗೊಂದು ಎಲೆ ಹಾಕಿ, ಹೆಸರು ಕೂಗಿ ಎಡೆ ಇಡುತ್ತಾರೆ. ಆ ವರ್ಷ ಹುಟ್ಟಿದ ಕೂಸನ್ನು ಎಲೆಗಳ ಮುಂದೆ ಮಲಗಿಸಿ, ಇದು ನಿಮ್ಮದು ಎಂದು ಹಿರಿಯರಿಗೆ ಹೇಳುತ್ತಾರೆ. ಹಾಗೆ ಹೇಳಿಸಿಕೊಳ್ಳದ ಕೂಸು ಆ ಮನೆಯದಲ್ಲ. ಹನ್ನೆರಡನೆಯದೊಂದು ತುಂಡೆಲೆಯನ್ನು ಪುಟ್ಟಗೌರಮ್ಮ ಪ್ರತಿವರ್ಷ ಕೊಟ್ಟಿಗೆಯಲ್ಲಿ, ಮೇವು ಹಾಕುವ ಗೊಂತಿನ ಕೆಳಗೆ ಇಡುತ್ತಿದ್ದಳು. ಅದು ದನಗಳ ಸಲುವಾಗಿ ಇರಬೇಕೆಂದು ಸೊಸೆ ದೀಪ ತಿಳಿದಿದ್ದಳು.

ದೀಪಳ ಸೊಂಟದ ಮೇಲಿದ್ದ ಎಂಟು ತಿಂಗಳ ಹೆಣ್ಣುಕೂಸು ಅಜ್ಜಿಯತ್ತ ಕೈ ಚಾಚಿತು. ಅದರ ಕಣ್ಣುಗಳು ಬೂದಿಯ ಬಣ್ಣದವು. ಎಂಟು ತಿಂಗಳಿಂದ ಅಜ್ಜಿ ಬಾಣಂತಿಗೆ ನೀರು ಕಾಯಿಸಿದ್ದಳು, ಮದ್ದು ಅರೆದಿದ್ದಳು, ತೊಟ್ಟಿಲಿಗೆ ಹಗ್ಗ ಕಟ್ಟಿದ್ದಳು. ಕೂಸನ್ನು ಮಾತ್ರ ಒಂದು ಸಲವೂ ಮುಟ್ಟಿರಲಿಲ್ಲ.

"ನಮ್ಮಟ್ಟೀಲಿ ಯಾರ್ಗದ ಆ ಕಣ್ಣು? ನಿಮ್ ಯಳಂದೂರ್ಲಿ ಯಾರ್ಗಾರ ಇದ್ರ ಅಲ್ಲೇ ಓಗಿ ತೋರ್ಸು."

"ಅವ್ವ, ಸುಮ್ನಿರು," ಎಂದ ಮಗ ಶಾಂತಮೂರ್ತಿ. ಅಷ್ಟೇ. ಕುಂತೂರಿನ ಫ್ಯಾಕ್ಟರಿಗೆ ಕಬ್ಬು ಹೊಡೆಯುವ ಆ ಟ್ರ್ಯಾಕ್ಟರ್ ಡ್ರೈವರ್, ತೂಕದ ಮನೆಯ ಮುಂದೆ ಹತ್ತು ಜನರ ಬಾಯಿ ಮುಚ್ಚಿಸಬಲ್ಲವನು, ಹೆಂಡತಿಯ ಮುಖ ನೋಡಲಾರದೆ ಬಾಗಿಲ ಚಿಲಕ ನೋಡುತ್ತಿದ್ದ. ಅವನು ಅವಳನ್ನು ಏನೂ ಕೇಳಿರಲಿಲ್ಲ... ಕೇಳದೆ ಇರುವುದೇ ಅವಳನ್ನು ಹೆಚ್ಚು ಸುಟ್ಟಿತ್ತು.

"ಕೂಸು ಒಳಕ್ಕೆ ಬರಬಾರದು ಅಂದ್ರೆ ನಾನೂ ಬರಲ್ಲ ಅತ್ತೆ," ಎಂದಳು ದೀಪ. "ಮಧ್ಯಾಹ್ನದ ಬಸ್ಸಿಗೆ ಹೊರಟೋಗ್ತೀನಿ, ತಿರುಗಿ ಬರಲ್ಲ. ಅದಕ್ಕೆ ಮೊದ್ಲು ನಿಮ್ಗೊಂದು ತೋರಿಸ್ಬೇಕು." ಅವಳು ಸೆರಗಿನ ಗಂಟಿನಿಂದ ಮೊಬೈಲ್ ತೆಗೆದಳು.

ಮೂರು ತಿಂಗಳ ಹಿಂದೆ ಪಕ್ಕದ ಮನೆಯ ಮುದುಕ ನಾಗಯ್ಯ ಕೂಸನ್ನು ನೋಡಿ, ಹಚ್ಚಿದ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದ್ದ. ಹುಡುಗನಾಗಿದ್ದಾಗ ಅವನು ಪುಟ್ಟಗೌರಮ್ಮನ ತವರೂರು ಅಜ್ಜೀಪುರಕ್ಕೆ ಎತ್ತು ಹೊಡೆದುಕೊಂಡು ಹೋಗುತ್ತಿದ್ದವನು. "ನಿಮ್ಮತ್ತೆ ಅವ್ವ ಶಿವಮ್ಮಂದು ಇದೇ ಕಣ್ಣು ಕಣವ್ವ. ನಾನ್ ಯೋಳ್ದೆ ಅನ್ಬ್ಯಾಡ."

ದೀಪಳ ಕೆಲಸ ಕೊಳ್ಳೇಗಾಲದ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ. ಹಳೆಯ ರಿಜಿಸ್ಟರುಗಳನ್ನು ಪುಟ ಪುಟವಾಗಿ ಸ್ಕ್ಯಾನ್ ಮಾಡುವುದು. ಬಾಣಂತನ ಮುಗಿಸಿ ಕೆಲಸಕ್ಕೆ ಮರಳಿದವಳು ಊಟದ ಬಿಡುವಿನಲ್ಲಿ ಅಜ್ಜೀಪುರದ ಜನನಗಳನ್ನು ಹುಡುಕಿದಳು. 1926, ಹೆಣ್ಣು, ಶಿವಮ್ಮ. ತಾಯಿ ನಂಜಮ್ಮ. ತಂದೆ: ಥಾಮಸ್ ಕೀನ್, ಕಾಡುರಸ್ತೆಯ ಓವರ್ಸಿಯರ್. ದೀಪಳ ಬೆರಳು ಆ ಸಾಲಿನ ಮೇಲೆಯೇ ನಿಂತುಬಿಟ್ಟಿತು. ಎರಡು ವರ್ಷ ಹಿಂದಕ್ಕೆ ಹೋದರೆ ಮದುವೆಯ ರಿಜಿಸ್ಟರಿನಲ್ಲಿ ಅವರಿಬ್ಬರ ಹೆಸರೂ ಇತ್ತು. ಸಹಿಯ ಕೆಳಗೆ ಅವನೇ ಇಂಗ್ಲಿಷಿನಲ್ಲಿ ಬರೆದಿದ್ದ: ವಯಸ್ಸು ಮೂವತ್ತು, ಮೈಕೆಲನ ಮಗ, ಊರು ಕಿಲ್‌ರಷ್, ಐರ್ಲೆಂಡ್.

ಐರ್ಲೆಂಡಿನವರು ತಮ್ಮ ಹಳೆಯ ಜನನ, ಮದುವೆ, ಮರಣದ ಪುಟಗಳನ್ನು ಇಂಟರ್ನೆಟ್ಟಿನಲ್ಲಿ ತೆರೆದಿಟ್ಟಿದ್ದಾರೆಂದು ತಿಳಿದ ದಿನ ದೀಪ ಊರಿಗೆ ಮರಳುವ ಹನೂರಿನ ಬಸ್ಸು ತಪ್ಪಿಸಿಕೊಂಡಳು. ಆ ಸೀಮೆಯಲ್ಲಿ, ಆ ವರ್ಷಗಳ ಆಚೀಚೆ, ಒಂಬತ್ತು ಮಂದಿ ಥಾಮಸ್ ಕೀನ್ ಹುಟ್ಟಿದ್ದರು. ತಂದೆ ಮೈಕೆಲ್ ಆದವರು ಇಬ್ಬರೇ. ಒಬ್ಬ ಎರಡನೆಯ ವರ್ಷಕ್ಕೇ ಕೆಮ್ಮಿನಿಂದ ತೀರಿಕೊಂಡಿದ್ದ. ಕಂಡಿರದ ಆ ಕೂಸಿಗಾಗಿ ಅವಳು ಕುರ್ಚಿಯಲ್ಲಿ ಕೂತೇ ಅತ್ತಳು. ಉಳಿದವನು ಒಬ್ಬ. 1894, ಮಾರ್ಚ್ ತಿಂಗಳು. ಅವನ ತಂದೆತಾಯಿಯ ಮದುವೆಯ ಪುಟವೂ ಸಿಕ್ಕಿತು, ಆರು ವರ್ಷ ಹಿಂದಿನದು. ಯಾರೋ ಗುಮಾಸ್ತ ಮಸಿಯಲ್ಲಿ ಅದ್ದಿ ಬರೆದ ಅಕ್ಷರ ಸಮುದ್ರ ದಾಟಿ, ನೂರಮೂವತ್ತು ವರ್ಷ ದಾಟಿ, ಧೂಳು ಹಿಡಿದ ಈ ಕೋಣೆಯಲ್ಲಿ ತನ್ನ ಕೂಸಿನ ಕಣ್ಣಿಗೆ ಸಾಕ್ಷಿ ಹೇಳುತ್ತಿದೆ... ಅವಳು ತೆರೆಯ ಮುಂದೆ ಕೈ ಜೋಡಿಸಿದ್ದು ತನಗೇ ಗೊತ್ತಾಗಲಿಲ್ಲ.

ಈಗ ಹೊಸಿಲಿನಲ್ಲಿ ಶಿವಮ್ಮನ ಹೆಸರು ಬಂದೊಡನೆ ಪುಟ್ಟಗೌರಮ್ಮನ ಕೈಯ ತಟ್ಟೆ ಓರೆಯಾಯಿತು. ಒಂದು ಕಡುಬು ಉರುಳಿತು.

"ಮುಚ್ಚು ಅದ."

"ನಿಮಗೆ ಗೊತ್ತಿತ್ತು ಅತ್ತೆ."

ಮುದುಕಿ ತಟ್ಟೆಯನ್ನು ಕೆಳಗಿಟ್ಟಳು. ಆಮೇಲೆ ಬಾಗಿಲಿಗೆ ಒರಗಿ ಕೂತಳು. "ಇಟ್ಕಂಡೋಳ ಮಗ್ಳು ಅಂತಿದ್ರು ನಮ್ಮವ್ವನ್ನ. ಬಾವಿಗ ಓದ್ರ ನೀರು ಸೇದಕ್ಕೂ ಬುಡ್ತಿರ್ಲಿಲ್ಲ. ಈ ಮನಗ ಬಂದ್ಮೇಲ ಯಾರ್ಗೂ ಯೋಳ್ನಿಲ್ಲ ನಾನು, ನಿಮ್ಮಾವಂಗೂವೆ. ನಿನ್ ಕೂಸು ಕಣ್ ಬುಟ್ಟಾಗ... ನಮ್ಮವ್ವನೇ ನನ್ನ ನೋಡ್ದಂಗಾಯ್ತು. ಎತ್ಕಂಡ್ರ ಎಲ್ಲಾರ್ಗೂ ಗೊತ್ತಾಗೋಯ್ತದ ಅಂತ ಎದ್ರಿ, ಅಪ್ವಾದವ ನಿನ್ ಮೇಲ ಆಕ್ಬುಟ್ಟೆ. ತಪ್ಪಾಯ್ತು ಕಣವ್ವ."

ಶಾಂತಮೂರ್ತಿ ಚಿಲಕ ಬಿಟ್ಟು ಹೆಂಡತಿಯತ್ತ ತಿರುಗಿದ. "ದೀಪ... ನಾನು ಒಂದ್ ಮಾತು ಆಡ್ಬೇಕಿತ್ತು."

"ಆಡ್ಬೇಕಿತ್ತು," ಎಂದಳು ಅವಳು, ಅವನನ್ನು ನೋಡದೆ. ಆಮೇಲೆ ಅತ್ತೆಯ ಪಕ್ಕದಲ್ಲಿ ಕೂತಳು. "ಇಟ್ಟುಕೊಂಡಿರ್ಲಿಲ್ಲ ಅತ್ತೆ. ಮದುವೆ ಆಗಿದ್ರು. ಇಲ್ಲಿ ನೋಡಿ, ನಿಮ್ಮ ತಾತ ಥಾಮಸ್ ಅವರ ಸಹಿ, ಇಬ್ಬರು ಸಾಕ್ಷಿ. ಇದು ನಿಮ್ಮಜ್ಜಿ ನಂಜಮ್ಮನ ಹೆಬ್ಬೆಟ್ಟು."

ಪುಟ್ಟಗೌರಮ್ಮ ಕೈ ಒರೆಸಿಕೊಂಡು ಹೆಬ್ಬೆಟ್ಟನ್ನು ಆ ಹೆಬ್ಬೆಟ್ಟಿನ ಮೇಲಿಟ್ಟಳು. ಚಿತ್ರ ತಟ್ಟನೆ ಜರುಗಿತು. ಬೆದರಿ ಕೈ ಹಿಂದಕ್ಕೆಳೆದಳು. "ಜೀವ ಅದ ಇದ್ರಲ್ಲಿ."

"ನಿಮ್ಮ ತಾತನ ತಂದೆ..."

"ಯಾವ ದೊರೆನೋ ಏನೋ."

"ದೊರೆ ಅಲ್ಲ. ದನ ಕಾಯೋನು. ಇಲ್ಲಿ ಕಸುಬು ಅಂತ ಬರೆದವ್ರೆ."

"ಬಿಳೀ ಜನದಲ್ಲೂ ದನ ಕಾಯೋರು ಇದ್ದಾರಾ?" ಮುದುಕಿ ಮಗನ ಮುಖ ನೋಡಿದಳು, ಕೊಟ್ಟಿಗೆಯತ್ತ ನೋಡಿದಳು. ಬದುಕಿಡೀ ಹೆದರಿಸಿದ ದೊರೆಯೊಬ್ಬ ಅವಳ ಕಣ್ಣೆದುರೇ ಟೋಪಿ ಕಳಚಿ, ಕಂಬಳಿ ಹೊದ್ದು, ದನದ ಹಿಂದೆ ನಡೆದುಹೋದ ಹಾಗಿತ್ತು. "ನಮ್ ತಾತನ ಅವ್ವ?"

"ಮೇರಿ. ಮಗ ಹುಟ್ಟಿದ್ದನ್ನ ಬರೆಸೋಕೆ ಅವಳೇ ಕಚೇರಿಗೆ ಹೋಗಿದ್ಲು. ಓದು ಬರಹ ಬರ್ತಿರ್ಲಿಲ್ಲ. ಇದು ಅವಳ ಗುರುತು." ದೀಪ ಚಿತ್ರವನ್ನು ಹಿಗ್ಗಿಸಿದಳು. ಒಂದರ ಮೇಲೊಂದು ಅಡ್ಡಬಿದ್ದ ಎರಡು ಗೀಟು. ಎರಡನೆಯದು ಕೊನೆಯಲ್ಲಿ ನಡುಗಿತ್ತು.

"ಬಾಣಂತಿ," ಎಂದಳು ಪುಟ್ಟಗೌರಮ್ಮ. "ಕೈ ನಡುಗದೆ ಇದ್ದಾತಾ?"

ಅವಳು ಎದ್ದು ಕೊಟ್ಟಿಗೆಗೆ ಹೋದಳು. ಗೊಂತಿನ ಕೆಳಗಿದ್ದ ತುಂಡೆಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಹನ್ನೊಂದರ ಸಾಲಿಗೆ ಸೇರಿಸಿದಳು. ಈ ಮನೆಗೆ ಬಂದಂದಿನಿಂದ ಐವತ್ತಾರು ವರ್ಷ ತಾತನಿಗೆ ಹೆಸರಿಲ್ಲದೆ ಇಟ್ಟ ಎಡೆ ಅದು. ಕರೆಯಲು ಹೆಸರು ಗೊತ್ತಿರಲಿಲ್ಲ. ಇಡದೆ ಇರಲು ಮನಸ್ಸು ಬಂದಿರಲಿಲ್ಲ. "ತಾಮಸಪ್ಪ, ಬಾ, ಉಣ್ಣು," ಎಂದು ಮೆಲ್ಲಗೆ ಕೂಗಿದಳು.

ಆಮೇಲೆ ಇನ್ನೊಂದು ಎಲೆ ಹಾಕಿದಳು. ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು, ಎಲೆಯ ತುದಿಯಲ್ಲಿ ಬೆರಳಿನಿಂದ ಒಂದು ಗೀಟು ಎಳೆದಳು, ಅದರ ಮೇಲೆ ಇನ್ನೊಂದು. ಅವಳ ಕೈಯೂ ನಡುಗಿತು. ಕಡುಬು ಬಡಿಸಿದಳು. ತಿರುಗಿ, ಕೇಳದೆಯೇ, ಸೊಸೆಯ ಸೊಂಟದಿಂದ ಕೂಸನ್ನು ಎತ್ತಿಕೊಂಡಳು.

ಎಂಟು ತಿಂಗಳ ಭಾರ ಮುದುಕಿಯ ತೋಳಿಗೆ ಬಿತ್ತು. ಕೂಸು ಅವಳ ಮೂಗುಬೊಟ್ಟು ಹಿಡಿದು ಎಳೆಯಿತು. ಅವಳು ಬಿಡಿಸಿಕೊಳ್ಳದೆ ಹಾಗೆಯೇ ಬಗ್ಗಿ, ಸುಣ್ಣದ ಗುರುತಿನ ಎಲೆಯ ಮುಂದೆ ಅದನ್ನು ಮಲಗಿಸಿದಳು.

"ಮೇರವ್ವ," ಎಂದಳು, "ಇದು ನಮ್ದು ಕಣವ್ವ. ಕಣ್ಣು ನಿಂದು."