ಯಮನವ್ವನ ಕಾಲಿನ ಬಿಸಿ

ಮಾಡಗ್ಯಾಳದ ಅಮಸಿದ್ದನಿಗೆ ಸಿಟ್ಟು ಬಂದರೆ ಜತ್ತದ ಗುಡ್ಡದ ಮೇಲಿನ ಕರೆಂಟಿನ ಗಾಳಿಪಂಖಗಳು ಹಿಮ್ಮುಖ ತಿರುಗುತ್ತವೆ. ಅವನು ಒಂದು ಸಿಳ್ಳೆ ಹಾಕಿದರೆ ರಾಜ್ಯದ ಗಡಿ ದಾಟಿ ಹೋದ ಕುರಿಗಳು ವಾಪಸ್ ಬರುತ್ತವೆ, ಜೊತೆಗೆ ಅಲ್ಲಿನ ನಾಲ್ಕು ಕುರಿಗಳನ್ನೂ ಕರೆತರುತ್ತವೆ. ಅಂಥವನು ಜತ್ತದ ಆಸ್ಪತ್ರೆಯ ಐಸಿಯು ಬಾಗಿಲಲ್ಲಿ ಕಂಬಳಿ ಕಳಚಿಟ್ಟು ಒಳಗೆ ಬಂದಾಗ, ನರ್ಸ್ ಒಬ್ಬಳು ಅವನ ಅವ್ವನ ಹೊದಿಕೆ ಸರಿಸಿ, ಬರಿಗಾಲಿಗೆ ಮೊಬೈಲ್ ಹಿಡಿದು ನಿಂತಿದ್ದಳು.

"ಏನ್ರಿ, ನಮ್ಮವ್ವ ಕಣ್ಣ ತೆಗೀವಲ್ಲಳು. ನೀವು ವಿಡಿಯೋ ಮಾಡ್ಕೋತ ನಿಂತೀರೇನು?"

ನರ್ಸ್ ತಿರುಗಿದಳು. ಹೆಸರು ದೀಪಾಲಿ, ಊರು ತಿಕೋಂಡಿ. ಮಾಸ್ಕಿನ ಮೇಲೆ ಕಾಣುತ್ತಿದ್ದದ್ದು ಎರಡೇ ಕಣ್ಣು. ಅವುಗಳಲ್ಲಿ ಒಂದಕ್ಕೆ ತಂತಿ ಎಳೆದಿದ್ದರೂ ಅರ್ಧ ತಾಲೂಕಿಗೆ ಕರೆಂಟು ಸಾಲುತ್ತಿತ್ತು.

"ಇಲ್ಲಿ ಬರ್ರಿ," ಎಂದಳು. "ಬೈಯೂದಿದ್ರ ನೋಡಿ ಬೈರಿ."

ಮೊಬೈಲಿಗೆ ಪುಟ್ಟದೊಂದು ಕ್ಯಾಮೆರಾ ಸಿಕ್ಕಿಸಿತ್ತು. ಪರದೆಯ ಮೇಲೆ ಅವನ ಅವ್ವ ಯಮನವ್ವ ಬಣ್ಣಬಣ್ಣವಾಗಿ ಮಲಗಿದ್ದಳು. ಹೊಟ್ಟೆ ಕೆಂಡದ ಬಣ್ಣ, ತೊಡೆ ಅರಿಸಿನ, ಮೊಣಕಾಲ ಕೆಳಗೆ ಹಸಿರು. ಪಾದಗಳು ಕಡುನೀಲಿ. ಬೆರಳುಗಳಂತೂ ಕತ್ತಲೆಯಲ್ಲಿ ಕರಗಿ ಹೋಗಿದ್ದವು.

"ಇದು ಬಿಸಿ ನೋಡೂ ಕ್ಯಾಮೆರಾ. ರಕ್ತ ಚಲೋ ಹರಿಯೂ ಕಡಿ ಮೈ ಬೆಚ್ಚಗಿರ್ತದ. ನಿಮ್ಮವ್ವಗ ನಂಜು ರಕ್ತಕ್ಕ ಏರ್ಯದ. ಹಂಗಾದಾಗ ಮೈ ಇದ್ದ ರಕ್ತ ಎದಿಗಿ, ತಲಿಗಿ ಅಂತ ಹಿಡಕೊಂಡು ಕಾಲು ಕೈ ಬಿಟ್ಟಬಿಡ್ತದ. ಬಿಪಿ ಮಶೀನ್ ಎಲ್ಲಾ ಚಲೋ ಅಂದ್ರೂ ಕಾಲು ಇನ್ನಾ ಇಲ್ಲ ಅಂತಿರ್ತಾವ."

"ಈ ನೀಲಿ ಹೋಗಿ ಕೆಂಪ ಆದ್ರ?"

"ಆದ್ರ ನಿಮ್ಮವ್ವ ತಿರಗಿ ಬರ್ಲಾಕತ್ಯಾಳಂತ ತಿಳೀರಿ. ಅವತ್ತ ನಾನೂ ಮಾಸ್ಕ್ ತಗದು ನಗ್ತೀನಿ."

ಹತ್ತೂರಿಗೆ ಕೇಳುವ ದನಿಯವನು ಕಂಬಳಿ ಎತ್ತಿಕೊಂಡು ಹೊರಗಿನ ಬೆಂಚಿನ ತುದಿಗೆ ಹೋಗಿ ಕೂತ.

ಅಂದಿನಿಂದ ಐಸಿಯುಗೆ ಬಿಡುವ ಬೆಳಗಿನ ಗಳಿಗೆ, ಸಂಜೆಯ ಗಳಿಗೆ ಇವೆರಡೇ ಅವನಿಗೆ ದಿನ. ಉಳಿದದ್ದೆಲ್ಲ ಬೆಂಚು. ಇಡೀ ಆಸ್ಪತ್ರೆ ಅವಳನ್ನು ಸಿಸ್ಟರ್ ಎನ್ನುತ್ತಿತ್ತು. ಅವನೊಬ್ಬನೇ "ಏನ್ರಿ" ಎನ್ನುತ್ತಿದ್ದ. ಅವಳಿಗದು ಗೊತ್ತಾಗಿತ್ತು. ಗೊತ್ತಾಗಿದೆ ಎಂಬುದು ಅವನಿಗೂ ಗೊತ್ತಾಗಿತ್ತು.

"ಕಂಬಳಿ ಹೊರಗ ಇಟ್ರೂ ಕುರಿ ವಾಸನಿ ಒಳಗ ಬರ್ತದಲ್ರಿ," ಎಂದಳು ಒಮ್ಮೆ.

"ಮಾಡಗ್ಯಾಳ ಕುರಿ ಅಂದ್ರ ಏನಂತ ತಿಳದೀರಿ? ಮೂಗಿನ ಡೊಂಕು ನೋಡಿ ಸಂತ್ಯಾಗ ರೇಟು ಹಚ್ತಾರ."

ದೀಪಾಲಿ ಅವನ ಮೂಗನ್ನೇ ಒಂದಿಷ್ಟು ಹೊತ್ತು ನೋಡಿದಳು. "ಹಂಗಾರ ನಿಮಗ ಚಲೋ ರೇಟು ಬರ್ತದ."

ಆ ಮಾತನ್ನು ಅವನು ಬೆಂಚಿನ ಮೇಲೆ ಕೂತು ಸಾವಿರ ಸಲವಾದರೂ ನೆನೆದಿರಬೇಕು. ಆದರೆ ಪರದೆಯ ಮೇಲಿನ ನೀಲಿ ಹೋಗಲಿಲ್ಲ. ಪ್ರತಿ ಸಲ ಅವಳು ಕ್ಯಾಮೆರಾ ಹಿಡಿಯುತ್ತಿದ್ದಳು, ಪ್ರತಿ ಸಲ ಆ ಕಣ್ಣುಗಳು ಸುಮ್ಮನೆ ಕೆಳಗಿಳಿಯುತ್ತಿದ್ದವು.

ಒಂದು ಸಂಜೆ ಮಂಚದ ಸುತ್ತಲಿನ ಬಟ್ಟೆಪರದೆಯ ಮರೆಯಲ್ಲಿ ಅವ್ವ, ಮಗ ಇಬ್ಬರೇ ಉಳಿದರು. ಆಗತಾನೆ ಹುಟ್ಟಿದ ಮರಿ ಚಳಿಗೆ ಸೆಟೆದು ಬಿದ್ದರೆ ಕುರುಬರ ಮಕ್ಕಳು ಯೋಚಿಸುತ್ತಾ ನಿಲ್ಲುವುದಿಲ್ಲ. ಅಂಗೈ ಉಜ್ಜಿ, ಬಾಯಿಂದ ಊದಿ, ಮರಿಯ ಕಾಲು ಹಿಡಿದು ತಿಕ್ಕುತ್ತಾರೆ, ಅದು ಎದ್ದು ನಿಲ್ಲುವವರೆಗೆ. ಅಮಸಿದ್ದನಿಗೆ ಅದನ್ನು ಕಲಿಸಿದವಳೇ ಯಮನವ್ವ. ಅವನ ಕೈಗಳು ಅವನನ್ನು ಕೇಳಲಿಲ್ಲ. ಅವ್ವನ ಪಾದ ಹಿಡಿದು ಉಜ್ಜಿದ. ಹಾಗೆ ಉಜ್ಜಿದ್ದರೆ ಕರಿಕಲ್ಲೂ ಬೆವರುತ್ತಿತ್ತು.

ಆಗಲೇ ದೀಪಾಲಿ ಬಂದು ಕ್ಯಾಮೆರಾ ಹಿಡಿದಳು.

ಪಾದಗಳು ಕೆಂಪಗೆ ಬೆಳಗುತ್ತಿದ್ದವು.

ಅವಳು ಮಾಸ್ಕ್ ಕೆಳಗೆಳೆದು ನಕ್ಕಳು. ಎಡಗೆನ್ನೆಯಲ್ಲಿ ಮಾತ್ರ ಒಂದು ಗುಳಿ. ಆ ಗುಳಿಯಲ್ಲಿ ಇಡೀ ಮಾಡಗ್ಯಾಳದ ಕುರಿಗಳಿಗೆ ಬೇಸಿಗೆ ಪೂರ್ತಿ ಕುಡಿಯಲು ನೀರು ಸಿಗುತ್ತಿತ್ತು. ಅವಳು ಹಾಗೇ ಓಡಿಹೋಗಿ ಡಾಕ್ಟರ್ ಕಾಂಚನ ಮೇಡಂ ಅವರನ್ನು ಕರೆತಂದಳು.

ಡಾಕ್ಟರು ಚಿತ್ರ ನೋಡಿದರು, ಬಿಪಿ ನೋಡಿದರು. "ಕಾಲಿಗೂ ರಕ್ತ ಬಂದಂಗ ಕಾಣ್ತದ. ಬಿಪಿ ಎತ್ತಿ ಹಿಡದ ಔಷಧ ಸಾವಕಾಶ ಇಳಸೋಣ," ಎಂದು ಔಷಧ ಹರಿಸುವ ಪಂಪಿನ ಕಡೆ ಕೈ ಚಾಚಿದರು.

ಇಲ್ಲಿ ಬಣ್ಣ ಹಚ್ಚಿ ಹೇಳುವಂಥದ್ದು ಏನೂ ಇಲ್ಲ. ಒಂದು ಕಡೆ ಆ ನಗು ಇತ್ತು, ಇನ್ನೊಂದು ಕಡೆ ಅವ್ವನ ಒಣಗಿದ ತುಟಿ.

"ಇಳಸಬ್ಯಾಡ್ರಿ," ಎಂದ ಅಮಸಿದ್ದ. "ಆ ಬಿಸಿ ಅವ್ವಂದಲ್ಲ. ನಂದು. ಈಗ ಕಾಲು ತಿಕ್ಕೀನಿ."

ದೀಪಾಲಿ ಚಿತ್ರವನ್ನು ಮತ್ತೆ ನೋಡಿದಳು. ಪಾದದ ಮೇಲೆ ಅವನ ಕೈಯ ನಾಲ್ಕು ಬೆರಳು, ಒಂದು ಹೆಬ್ಬೆರಳು ಸ್ಪಷ್ಟವಾಗಿ ಮೂಡಿದ್ದವು. ಮಾಸ್ಕ್ ಮೇಲೇರಿತು. ಯಾರೂ ಮುಟ್ಟದೆ, ಹೊದಿಸದೆ, ಕಾಲನ್ನು ಹಾಗೇ ಬಿಟ್ಟು ಕಾದರು. ಅವನ ಕಣ್ಣೆದುರೇ ಕೆಂಪು ಅರಿಸಿನವಾಯಿತು, ಅರಿಸಿನ ಹಸಿರಾಯಿತು. ಕೊನೆಗೆ ಅದೇ ನೀಲಿ.

ಡಾಕ್ಟರು ಪಂಪಿನಿಂದ ಕೈ ತೆಗೆದರು. "ಹೇಳಿದ್ದು ಚಲೋ ಆತು," ಎಂದಷ್ಟೇ ಹೇಳಿ ಹೋದರು.

ಬಾಗಿಲ ಬಳಿ ದೀಪಾಲಿ ಬಂದಳು. ಬೈಯುತ್ತಾಳೆಂದು ಅವನು ತಲೆ ತಗ್ಗಿಸಿದ್ದ.

"ಕಾಲು ಮುಟ್ಟಬ್ಯಾಡ್ರಿ ಅಂತ ನಾ ಮದಲ ಹೇಳಬೇಕಿತ್ತು. ಬೆರಳಿನ ಗುರ್ತ ಎದುರಿಗೇ ಇತ್ತು. ನಗೂ ಭರದಾಗ ನೋಡ್ಲಿಲ್ಲ."

"ನಾ ಅವ್ವನ ಸಲುವಾಗಿ ತಿಕ್ಕಿದ್ದು," ಎಂದ. ಆಮೇಲೆ ನೆಲ ನೋಡುತ್ತಾ ಸೇರಿಸಿದ. "ಆದ್ರ ನೀವು ನಕ್ಕಮ್ಯಾಲ ಖರೇ ಹೇಳೂದು ಭಾಳ ತ್ರಾಸ ಆತ್ರಿ."

ಅವಳು ಮೊಬೈಲಿನಿಂದ ಕ್ಯಾಮೆರಾ ಬಿಚ್ಚಿದಳು.

"ಆದ್ರೂ ಹೇಳಿದ್ರಿ," ಎಂದಳು.

ಆಮೇಲೆ ಅಮಸಿದ್ದ ಅವ್ವನ ಪಕ್ಕ ತನ್ನ ಕೈಗಳ ಮೇಲೆ ತಾನೇ ಕೂರತೊಡಗಿದ. ಹುಲಿಯನ್ನು ಹಗ್ಗವಿಲ್ಲದೆ ಕಟ್ಟಿಹಾಕುವುದು ಸುಲಭ, ಆ ಕೈಗಳನ್ನು ಸುಮ್ಮನಿರಿಸುವುದು ಕಷ್ಟ. ಪ್ರೀತಿಸಿದವರನ್ನು ಮುಟ್ಟದೆ ಕಾಯುವುದೂ ಒಂದು ಸೇವೆ ಎಂಬುದು ಅವನಿಗೆ ಅಲ್ಲಿ ಕೂತಾಗಲೇ ತಿಳಿದದ್ದು. ಅವ್ವನ ವಿಷಯದಲ್ಲಿ ಮಾತ್ರವಲ್ಲ.

ಒಂದು ಬೆಳಿಗ್ಗೆ ದೀಪಾಲಿ ಕ್ಯಾಮೆರಾ ಹಿಡಿದವಳು ಹಾಗೇ ನಿಂತುಬಿಟ್ಟಳು. ಮೊಣಕಾಲು ಕೆಂಪಾಗಿತ್ತು. ಹಿಮ್ಮಡಿ ಅರಿಸಿನ. ಹೆಬ್ಬೆರಳ ತುದಿಯಲ್ಲಿ, ಯಾರೋ ಒಳಗಿನಿಂದ ದೀಪ ಹಿಡಿದು ಬಂದಂತೆ, ಸಣ್ಣದೊಂದು ಬೆಳಕು.

ಅವಳು ಮಾಸ್ಕ್ ತೆಗೆಯಲಿಲ್ಲ. ಮೊದಲು ಅವನ ಕಡೆ ತಿರುಗಿದಳು.

"ಕೈ ತೋರಸ್ರಿ."

ಚಾಚಿದ. ಅವಳು ಎರಡೂ ಅಂಗೈ ಮುಟ್ಟಿ ನೋಡಿದಳು. ತಣ್ಣಗಿದ್ದವು, ಹೆದರಿಕೆಗೆ. ಪರೀಕ್ಷೆ ಮುಗಿದರೂ ಅವಳ ಕೈ ಅಲ್ಲೇ ಉಳಿಯಿತು. ಆಮೇಲೆ ಮಾಸ್ಕ್ ಕೆಳಗಿಳಿಯಿತು.

ಕೆಲವು ದಿನಗಳಲ್ಲಿ ಯಮನವ್ವ ಎದ್ದು ಕೂತು ಗಂಜಿಗೆ ಉಪ್ಪಿಲ್ಲವೆಂದು ಆಸ್ಪತ್ರೆಯನ್ನೇ ಎಬ್ಬಿಸಿದಳು. "ಇಬ್ರೂ ಕೂಡಿ ನನ್ನ ಕಾಲಾಗ ಏನ್ ಹುಡುಕ್ತೀರ್‍ಯೋ?" ಎಂದು ಕೇಳಿದಳು. ದೀಪಾಲಿ ಹೊದಿಕೆ ಎಳೆದು ಕಾಲು ಮುಚ್ಚಿದಳು.

ಮನೆಗೆ ಕಳಿಸುವ ದಿನ ಅವ್ವನನ್ನು ಜೀಪಿನಲ್ಲಿ ಕೂರಿಸಿ ಅಮಸಿದ್ದ ಕಂಬಳಿ ತೆಗೆದುಕೊಳ್ಳಲು ಬಂದ. ದೀಪಾಲಿ ಬಾಗಿಲಲ್ಲಿದ್ದಳು.

"ಹೊದ್ಕೊರಿ," ಎಂದಳು. ಹೊದ್ದುಕೊಂಡ. ಅವಳು ಅವನ ಎದೆಯ ಮೇಲೆ, ಕರಿ ಉಣ್ಣೆಗೆ ಅಂಗೈ ಒತ್ತಿ, ತೆಗೆದು, ಕ್ಯಾಮೆರಾ ಹಿಡಿದು ಪರದೆಯನ್ನು ಅವನಿಗೆ ತೋರಿಸಿದಳು. ಅದರಲ್ಲಿ ನೀಲಿಯಾಗಿ ಕಂಡ ಕಂಬಳಿಯ ಮೇಲೆ ಐದು ಬೆರಳು ಉರಿಯುತ್ತಿದ್ದವು.

"ಈ ಬಿಸಿ ಯಾರದು, ಖರೇ ಹೇಳ್ರಿ."

"ನಿಮ್ದು."

"ಚಲೋ ನೋಡ್ರಿ."

ನೋಡಿದ. ಬೆರಳುಗಳು ಒಂದೊಂದಾಗಿ ಮಸುಕಾಗುತ್ತಿದ್ದವು.

"ಆರ್ಲಾಕತ್ತದಲ್ಲ, ದೀಪಾಲಿ," ಎಂದ. ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಆರ್ಲಿ," ಎಂದಳು. ಮತ್ತೆ ಅದೇ ಜಾಗದಲ್ಲಿ ಕೈ ಇಟ್ಟಳು. ಜೀಪಿನಿಂದ ಯಮನವ್ವ ಲಗೂನ ಬಾರೆಂದು ಕೂಗುತ್ತಿದ್ದಳು. ಕ್ಯಾಮೆರಾ ಜೇಬಿಗೆ ಹೋಗಿತ್ತು. ಕೈ ಅಲ್ಲೇ ಇತ್ತು.