ಬೊಗಸೆಗೆ ಬೀಳದ ನೀರು

“ಒಂದು ಬೊಗಸಿ ನೀರು ಬಿಡ್ರಿ, ನರ್ಸಮ್ಮಾರ... ಗಂಟಲ ಒಣಗಿ ಹೋಗೈತಿ!”

ದನಿ ಕೇಳಿ ಹಂಪಮ್ಮ ತಲೆಯೆತ್ತಿದಳು.

ಶಹಾಪುರದ ದವಾಖಾನೆಯ ಮೆಟ್ಟಿಲ ಕೆಳಗೆ ಒಬ್ಬ ಆಳು ನಿಂತಿದ್ದ. ತಲೆಯ ಮೇಲೆ, ದವಾಖಾನೆಗೆ ಕೊಡಬೇಕಿದ್ದ ಇಪ್ಪತ್ತು ಕಂಬಳಿಗಳಲ್ಲಿ ಹತ್ತರ ಹೊರೆ. ಗೋಗಿಯಿಂದ ಸುಡುಬಿಸಿಲಲ್ಲಿ ನಡೆದು ಬಂದ ಕಾಲಿಗೆ ಮೊಣಕಾಲವರೆಗೂ ಧೂಳು. ಹೊರೆ ಇಳಿಸಿದ. ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ. ಹಂಪಮ್ಮನ ಹಣೆಯ ವಿಭೂತಿ, ಕೊರಳ ಲಿಂಗದ ಕರಡಿಗೆ ನೋಡಿದವನೇ, ಯಾರೂ ಹೇಳದೆ ಬಗ್ಗಿ ಎರಡೂ ಕೈ ಕೂಡಿಸಿ ಬೊಗಸೆ ಹಿಡಿದ.

“ತಂಬಿಗಿ ಮುಟ್ಟಂಗಿಲ್ರಿ. ನಾವು ಕುರುಬರು. ಮ್ಯಾಲಿಂದ ಬಿಟ್ರ ಸಾಕು.”

ಹಂಪಮ್ಮ ಹಂಡೆಯಲ್ಲಿ ತಂಬಿಗೆ ಅದ್ದಿದಳು. ತುಂಬಿದ ತಂಬಿಗೆ ಎತ್ತಿದಳು.

ಅಲ್ಲಿಗೇ ನಿಂತಿತು ಕೈ!

ಬೆರಳು ನಡುಗತೊಡಗಿದವು. ಮುಂದಿದ್ದ ಮುಖ ಮಾಯವಾಗಿ ಇನ್ನೊಂದು ಮುಖ ಕಂಡಿತು. ಕಣ್ಣು ಗುಳಿಬಿದ್ದ, ತುಟಿ ಬಿರಿದ ಮುಖ... ತಂಬಿಗೆ ಜಾರಿ ಮೆಟ್ಟಿಲ ಮೇಲೆ ಢಣ ಢಣ ಉರುಳಿತು. ನೀರು ಅವನ ಕಾಲ ಬಳಿಯ ಮಣ್ಣಿಗೆ ಇಳಿಯಿತು. ಒಂದು ಹನಿಯೂ ಬೊಗಸೆಗೆ ಬೀಳಲಿಲ್ಲ.

“ನೀರಿಲ್ಲ! ಹೋಗ್ರಿ... ಹೋಗ್ರಿ ಇಲ್ಲಿಂದ!”

ಅವನು ತುಂಬಿದ ಹಂಡೆಯನ್ನು ನೋಡಿದ. ಅವಳನ್ನು ನೋಡಿದ. ನಿಧಾನಕ್ಕೆ ಕೈ ಬಿಡಿಸಿದ.

“ಮ್ಯಾಲಿಂದ ಬಿಡಾಕೂ ಮನಸು ಬರಲಿಲ್ಲೇನ್ರಿ? ರಾಜ ಬದಲಾಗ್ಯಾನ, ರಾಜ್ಯ ಬದಲಾಗ್ಯಾದ ಅಂತಾರ. ನಿಮ್ಮ ಹಂಡೇದಾಗ ಇನ್ನಾ ಹಳೇ ನೀರ ಐತೇಳ್ರಿ.”

ಬೇವಿನ ಮರದಡಿ ದನಗಳಿಗೆ ಇಟ್ಟ ಕಲ್ಲಿನ ಬಾನಿ ಇತ್ತು. ಅವನು ಸೀದಾ ಅಲ್ಲಿಗೆ ಹೋಗಿ, ಅವಳ ಕಣ್ಣೆದುರೇ ಮಂಡಿಯೂರಿ ಆ ನೀರಿಗೆ ಕೈ ಹಾಕಿದ.

ಹಂಪಮ್ಮ ಒಂದು ಮೆಟ್ಟಿಲು ಇಳಿದಳು.

“ಅದನ್ನ ಕುಡೀಬ್ಯಾಡ್ರೀ!” ಅವಳು ಕಿರುಚಿದಳು.

ಅವನು ಕುಡಿದ. ಮೀಸೆ ಒರೆಸಿಕೊಂಡು ಎದ್ದ.

“ದನದ ನೀರಿಗೂ ಜಾತಿ ಐತೇನ್ರೀ, ನರ್ಸಮ್ಮಾರ?”

ಹೊರೆ ಅಲ್ಲೇ ಬಿಟ್ಟು ಹೊರಟೇ ಹೋದ.

*ಇಲ್ಲ... ಹಂಗಲ್ಲ... ಶಿವನೇ, ನಾ ಹೆಂಗ ಹೇಳ್ಲಿ?* ಅವಳು ಕಂಬ ಹಿಡಿದು ಕುಸಿದಳು.

ಮನೆಗೆ ಹಗೆಯೇ ಬಂದರೂ ಮೊದಲು ನೀರು, ಆಮೇಲೆ ಮಾತು. ಇದು ನಮ್ಮ ಸೀಮೆಯ ರೀತಿ. ಅಂಥ ಸೀಮೆಯ ಹೆಣ್ಣುಮಗಳೊಬ್ಬಳು ತುಂಬಿದ ಹಂಡೆಯ ಮುಂದೆ ನಿಂತು ನೀರಿಲ್ಲ ಎಂದಳೆಂದರೆ, ಅವಳೊಳಗೆ ಎಂಥ ಬೆಂಕಿ ಇರಬೇಕು ಹೇಳಿ!

ಮೂರು ವರ್ಷದ ಹಿಂದಿನ ಮಾತು; ಹೈದರಾಬಾದು ಸಂಸ್ಥಾನ ಭಾರತದಲ್ಲಿ ಕೂಡಿದ ಮೇಲಿನ ಮೊದಲ ಬೇಸಿಗೆ ಅದು. ಬಳಿಚಕ್ರದ ಕಡೆಯ ಹಳ್ಳಿಗಳಿಗೆ ವಾಂತಿಭೇದಿ ನುಗ್ಗಿತು. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು, ಕಲಬುರ್ಗಿಯಲ್ಲಿ ನರ್ಸಿನ ಕೆಲಸ ಕಲಿತು ಬಂದಿದ್ದ ಹಂಪಮ್ಮನನ್ನು ಅಲ್ಲಿಗೆ ಕಳಿಸಿದರು. ಹಳೆಯ ಚಾವಡಿಯೊಂದೇ ಆಸ್ಪತ್ರೆ. ನೆಲದ ಮೇಲೆ ಸಾಲು ಸಾಲು ಜನ. ಇಪ್ಪತ್ತೊಂದು ದಿನ ಅವಳು ಬೆನ್ನು ನೆಲಕ್ಕೆ ಹಚ್ಚಲಿಲ್ಲ.

“ಕಾಸಿ ಆರಿಸಿದ ನೀರು ಬಿಟ್ಟು ಬ್ಯಾರೆ ನೀರು ಒಂದು ಹನಿ ಕೊಡಬ್ಯಾಡ,” ಎಂದು ಡಾಕ್ಟರ ಸಾಹೇಬರು ಮೊದಲ ದಿನವೇ ಹೇಳಿದ್ದರು.

ಹದಿನೆಂಟನೆಯ ದಿನ ಕಾಸಿದ ನೀರು ಮುಗಿಯಿತು. ಸೌದೆಯ ಬಂಡಿ ಬಂದಿರಲಿಲ್ಲ. ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಅವಳ ಸೆರಗು ಹಿಡಿದಳು. ಗದ್ದದ ಮೇಲೆ ಮೂರು ಚುಕ್ಕಿಯ ಹಚ್ಚೆ. ತನ್ನ ಹೆಸರು ಹೇಳುವಷ್ಟೂ ತ್ರಾಣವಿಲ್ಲ. ಮತ್ತೆ ಮತ್ತೆ ಒಂದೇ ಬೇಡಿಕೆ: ನೀರು... ನೀರು...

ಹಂಪಮ್ಮ ತಡೆದಳು. ಎರಡು ತಾಸು ತಡೆದಳು. ಕೊನೆಗೆ ತಡೆಯಲಾರದೆ, ಬಟ್ಟೆ ಒಗೆಯಲು ತಂದಿಟ್ಟ ಬಾವಿಯ ನೀರನ್ನೇ ಒಂದು ತಂಬಿಗೆ ಕುಡಿಸಿಬಿಟ್ಟಳು.

ಮುದುಕಿ ಅವಳ ತೋಳಿನಲ್ಲೇ ಜೀವ ಬಿಟ್ಟಳು.

“ಬಂದಾಗಲೇ ಆಕಿಗೆ ನಾಡಿ ಸಿಗ್ತಿರಲಿಲ್ಲವ್ವ. ನಿನ್ನ ನೀರಿನಿಂದ ಅಲ್ಲ,” ಎಂದರು ಡಾಕ್ಟರರು. ಆ ಮಾತು ಅವಳ ಕಿವಿ ದಾಟಿ ಒಳಗೆ ಇಳಿಯಲೇ ಇಲ್ಲ.

ಬೇನೆ ಹೋಯಿತು. ಜನ ಮರೆತರು. ಮೂರು ವರ್ಷದಲ್ಲಿ ದವಾಖಾನೆಯ ಹಲಗೆಯ ಮೇಲೆ ಉರ್ದುವಿನ ಪಕ್ಕ ಕನ್ನಡ ಅಕ್ಷರ ಬಂದವು, ಜನ ವೋಟು ಹಾಕಿದರು. ಹಂಪಮ್ಮನಿಗೆ ಮಾತ್ರ ಆ ಮಧ್ಯಾಹ್ನ ಮುಗಿಯಲಿಲ್ಲ. ಗಾಯ ತೊಳೆಯುವಳು, ಸೂಜಿ ಹಾಕುವಳು, ಎಂಥ ಹೇಸಿಗೆಗೂ ಹಿಂಜರಿಯಳು. ಕುಡಿಯುವ ನೀರು ಮಾತ್ರ ಯಾರ ಕೈಗೂ ಕೊಡಳು. ಎದುರಿಗೆ ಯಾರಾದರೂ ಕುಡಿದರೆ ಅವರ ಉಸಿರು ಎಣಿಸುತ್ತ ಕೂರುವಳು. ಕೈ ತೊಳೆದು ತೊಳೆದು ಬೆರಳ ಸಂದು ಬಿರಿದಿದ್ದವು.

ದಿನಾ ಮುಂಜಾನೆ ಅಂಗೈಯ ಲಿಂಗಕ್ಕೆ ನೀರೆರೆಯುವಾಗ ಮಾತ್ರ ಅವಳ ಕೈ ನಡುಗುತ್ತಿರಲಿಲ್ಲ.

“ಶಿವಗ ಎರೀತಿ, ಮನಷ್ಯಾರಿಗ್ಯಾಕ ಎರಿಯಾಂಗಿಲ್ಲ ಬೇಟಿ?” ಎಂದು ದವಾಖಾನೆಯ ಮುದಿ ಆಯಾ ಗೌಹರಬೇಗಂ ಒಮ್ಮೆ ಕೇಳಿದ್ದಳು.

“ಶಿವಗ ಸಾವಿಲ್ಲ ಬೂಬಮ್ಮ. ಅದಕ್ಕ.”

ಗೌಹರಬೇಗಂ ಆಮೇಲೆ ಆ ಮಾತೆತ್ತಲಿಲ್ಲ. ಅಂದಿನಿಂದ ರೋಗಿಗಳಿಗೆಲ್ಲ ನೀರು ಕೊಡುವ ಕೆಲಸ ಅವಳದಾಯಿತು.

ಆ ಕಂಬಳಿಯವನು ಬಂದ ಮಧ್ಯಾಹ್ನ ಅವಳು ನಮಾಜಿಗೆ ಹೋಗಿದ್ದಳು. ಅಷ್ಟೇ ಆದದ್ದು.

ಮುಂದಿನ ಎಂಟು ದಿನ ಹಂಪಮ್ಮನ ಕಣ್ಣಿಗೆ ಒಂದೇ ಚಿತ್ರ. ಅಗಲವಾದ, ಉಣ್ಣೆಯ ಜಿಡ್ಡಿಗೆ ಮೆತ್ತಗಾದ ಎರಡು ಅಂಗೈ. ಖಾಲಿ ಬೊಗಸೆ. *ದನದ ನೀರು ಕುಡಿದಾನ. ಆರಾಮ ಇದ್ದಾನೋ ಇಲ್ಲೋ?* ಗೋಗಿಯ ಕಡೆಯಿಂದ ಬಂದ ಪ್ರತಿ ರೋಗಿಯ ಮುಖವನ್ನೂ ಅವಳು ಹೆದರಿಕೆಯಿಂದ ನೋಡುತ್ತಿದ್ದಳು.

ಒಂಬತ್ತನೆಯ ದಿನ ಅವನು ಬಂದ! ಉಳಿದ ಹತ್ತು ಕಂಬಳಿ ತಲೆಯ ಮೇಲೆ, ಹೆಗಲಿಗೆ ನೀರು ತುಂಬಿದ ಸೋರೆಬುರುಡೆ.

ಜೀವಂತ ಇದ್ದಾನೆ! ಎದೆಯೊಳಗೆ ಏನೋ ಸಡಿಲಾಯಿತು. ಅವಳು ಬಾಗಿಲ ಮರೆಗೆ ಸರಿದಳು. ಅವನು ಹೊರೆ ಇಳಿಸಿ ಸುಮ್ಮನೆ ನಿಲ್ಲಲಿಲ್ಲ. ಒಳಗೆ ಮಂಚಗಳಿಗೆ ತಾನೇ ಕಂಬಳಿ ಹಾಸಿದ. ಜ್ವರದಲ್ಲಿ ನಡುಗುತ್ತಿದ್ದ ಮುದುಕ ಫಕೀರಸಾಬನ ಕಾಲಿನ ಸುತ್ತ ಕಂಬಳಿಯ ಅಂಚು ಮಡಿಚಿ ಸಿಗಿಸಿದ, ಎಳೆಮರಿಯನ್ನು ಬೆಚ್ಚಗೆ ಮಾಡುವವನ ಹಾಗೆ. ಹಂಪಮ್ಮ ಕಣ್ಣು ತೆಗೆಯದೆ ನೋಡಿದಳು.

ಗೌಹರಬೇಗಂ ತಂಬಿಗೆ ಹಿಡಿದು ಬಂದಳು. “ಬಿಸಿಲಾಗ ಬಂದೀ ಬೇಟಾ. ತಗೋ.”

“ಬ್ಯಾಡ್ರಿ. ನೀರು ನಾನ ಹೊತ್ಕೊಂಡು ಬಂದೀನಿ. ನಿಮ್ಮ ದೊಡ್ಡವರ ಹಂಡಿ ಮೈಲಿಗಿ ಆದೀತು!”

“ಅರೇ ಹುಚ್ಚಪ್ಪಾ!” ಗೌಹರಬೇಗಂ ಸೊಂಟಕ್ಕೆ ಕೈ ಇಟ್ಟಳು. “ನೀನು ಯಾವ ಬಾದಶಹಾ? ಆ ಹುಡಿಗಿ ಹಂಪಮ್ಮ ತಹಶೀಲ್ದಾರರಿಗೇ ನೀರು ಕೊಟ್ಟಿಲ್ಲ. ಅವರು ಅಂಗಳದಾಗ ನಿಂತು ಬೈದು ಹೋದರು. ಒಡಹುಟ್ಟಿದ ಅಣ್ಣ ಸಂಗಣ್ಣ ಕೇಳಿದ್ರೂ ಕೊಟ್ಟಿಲ್ಲ. ಮೂರು ವರ್ಷ ಆತು, ಯಾರಿಗೂ ಕೊಟ್ಟಿಲ್ಲ. ಬಳಿಚಕ್ರದ ಕಡೆ ವಾಂತಿಭೇದ್ಯಾಗ ಸೇವಾ ಮಾಡಿ ಬಂದಾಕಿ. ಆಕಿ ದೇಹ ಬಂತು, ಜೀವ ಅಲ್ಲೇ ಉಳೀತು. ಜಾತಿ ಅಂತ, ಜಾತಿ! ನಿನ್ನ ಹೆಸರೇನು?”

ಅವನ ಮುಖದ ಬಿಗುವು ಇಳಿದಿತ್ತು. “ಹುಲಗಪ್ಪ... ಬಾಲಮ್ಮನ ಮಗ.”

ಬಾಗಿಲ ಮರೆಯಲ್ಲಿ ಹಂಪಮ್ಮ ಬಾಯಿಗೆ ಸೆರಗು ಒತ್ತಿದಳು.

ಹುಲಗಪ್ಪ!

ಆ ಮುದುಕಿ ಕೊನೆಗೆ ಕರೆದ, ಮೂರು ವರ್ಷ ಅವಳ ಕಿವಿಯೊಳಗೆ ಕೂತಿದ್ದ ಹೆಸರು!

“ಬಳಿಚಕ್ರದ ಕಡೆ ಎಲ್ಲಿ?” ಹುಲಗಪ್ಪನ ದನಿ ಬದಲಾಗಿತ್ತು. “ಹಳೇ ಚಾವಡಿಯಾಗ ಏನು? ನಮ್ಮವ್ವ ಅಲ್ಲೇ ಹೋಗ್ಯಾಳ. ನಾ ಕುರಿ ಹೊಡಕೊಂಡು ಕೃಷ್ಣಾ ದಂಡಿಗೆ ಹೋಗಿದ್ದೆ. ಬರೋದ್ರಾಗ ಮಣ್ಣು ಮುಚ್ಚಿದ್ರು...”

ಹಂಪಮ್ಮ ಹೊರಗೆ ಬಂದಳು. ಬಂದದ್ದು ತನ್ನ ಕಾಲಿಂದಲೋ ಅಲ್ಲವೋ ಅವಳಿಗೇ ತಿಳಿಯಲಿಲ್ಲ.

“ಗದ್ದದ ಮ್ಯಾಲೆ ಮೂರು ಚುಕ್ಕಿ ಹಚ್ಚಿ ಇತ್ತೇನ್ರಿ?”

ಅವನು ಬೆಚ್ಚಿ ತಿರುಗಿದ. “ನಿಮಗ... ನಿಮಗ ಹೆಂಗ ಗೊತ್ತು?”

“ನಾನ ಕೊಂದೀನಿ ನಿಮ್ಮವ್ವನ್ನ!” ಮೂರು ವರ್ಷದ ಮಾತು ಒಡ್ಡು ಒಡೆದಂತೆ ಬಂತು. “ಕಾಸಿದ ನೀರು ಇರಲಿಲ್ಲ. ಆಕಿ ಬೇಡಿದ್ಲು. ಬಾವಿ ನೀರು ಕುಡಿಸಿದೆ. ಸೆರಗು ಹಿಡದು, ‘ಹುಲಗ್ಯಾ, ನೀರು ತಂದ್ಯಾ?’ ಅಂದ್ಲು. ನಾ... ‘ತಂದೀನವ್ವ, ಕುಡಿ’ ಅಂದೆ. ಕುಡದ್ಲು. ಹೋಗಿಬಿಟ್ಲು...”

ಹುಲಗಪ್ಪ ಅವಳ ಕೈಗಳನ್ನು ನೋಡಿದ. ಹೆಗಲ ಸೋರೆಬುರುಡೆ ಕೆಳಗಿಟ್ಟು, ಹಿಂತಿರುಗಿ ನೋಡದೆ ನಡೆದುಬಿಟ್ಟ.

*ಆತು... ಇನ್ನ ಬರಾಂಗಿಲ್ಲ.*

ಎರಡು ದಿನ ಹಂಪಮ್ಮ ಅನ್ನ ಮುಟ್ಟಲಿಲ್ಲ. ಮುಂಜಾನೆ ಲಿಂಗದ ಮೇಲೆ ನೀರು ಎರೆಯಹೋದರೆ ಆ ಕೈಯೂ ನಡುಗಿತು! ಉಳಿದಿದ್ದ ಒಂದೇ ಒಂದು ಜಾಗವೂ ಕೈಬಿಟ್ಟಿತಲ್ಲ ಎಂದು ಅವಳು ಗೋಳಾಡಿದಳು. “ಅಣ್ಣಗ ಪತ್ರ ಬರೀತೀನಿ ಬೂಬಮ್ಮ. ನೌಕರಿ ಬಿಟ್ಟು ಊರಿಗೆ ಹೋಗ್ತೀನಿ. ಈ ಕೈ ಯಾರಿಗೂ ಬ್ಯಾಡ.”

“ಬರೀ,” ಎಂದಳು ಗೌಹರಬೇಗಂ. “ಆದ್ರ ಆ ಹುಚ್ಚಪ್ಪ ಸೋರೆಬುರುಡಿ ಬಿಟ್ಟು ಹೋಗ್ಯಾನ. ಕುರುಬ ನೀರಿನ ಬುರುಡಿ ಮರತು ಹೋಗಾಂಗಿಲ್ಲ ಬೇಟಿ.”

ಮೂರನೆಯ ದಿನ ಗುಡ್ಡದ ಮೇಲೆ ಹೊತ್ತು ಏರುವಾಗ ಹುಲಗಪ್ಪ ಬಂದ. ಕಣ್ಣು ಕೆಂಪಾಗಿದ್ದವು. ಮೆಟ್ಟಿಲ ಮೇಲೆ ಕುಸಿದು ಕೂತ.

ಹಂಪಮ್ಮ ಕೈ ಮುಗಿದಳು. “ಬೈರಿ. ಏನ ಬೇಕಾದ್ರೂ ಅನ್ರಿ.”

“ಅವ್ವನ್ನ ಮಣ್ಣು ಮಾಡಿದಲ್ಲಿ ಹೋಗಿದ್ದೆ,” ಎಂದ ಅವನು. “ಮೂರು ವರ್ಷ ಅಲ್ಲಿ ಕಾಲಿಟ್ಟಿರಲಿಲ್ಲ. ‘ತಾಯಿ ಬಾಯಿಗೆ ಕಡೀ ನೀರು ಬಿಡದ ಮಗ’ ಅಂತ ನಮ್ಮ ಕಾಕಾ ಮಾನಪ್ಪ ಮಂದ್ಯಾಗ ಅಂದಿದ್ದ. ಅವ್ವ ಬಾಯಿ ಒಣಗಿ ಸತ್ತಾಳ ಅಂತ ಅನ್ಕೊಂಡು, ನಾನು ನೀರು ಕುಡಿವಾಗೆಲ್ಲ... ಹ್ಯಾಂಗ ಹೇಳ್ಲಿ? ಗಂಟಲದಾಗ ಕಲ್ಲು ಸಿಕ್ಕೊಂಡಂಗ ಆಗ್ತಿತ್ತು. ಮೊನ್ನಿ ಹೋಗಿ ಆಕಿಗೆ ಹೇಳಿ ಬಂದೆ. ‘ಯವ್ವಾ, ನೀ ನನ್ನ ಕೈಯಿಂದನ ಕುಡದಿ ಅಂತ ತಿಳಕೊಂಡು ಹೋದ್ಯಂತಲ್ಲ!’ ಅಂತ.”

“ಆದ್ರ ಅದು ಕಾಸಿದ್ದಲ್ಲ...”

“ಆಕಿ ಹೊಂಟು ನಿಂತಿದ್ಲು. ನಿಲ್ಲಸಾಕ ಯಾರ ಕೈಲೂ ಆಗ್ತಿರಲಿಲ್ಲ. ಬರೀ ಬಾಯಿಲೆ ಹೋಗೋದು ನೀವು ತಪ್ಪಿಸಿದ್ರಿ. ನಾ ಬಿಡಬೇಕಾದ ನೀರು ನೀವು ಬಿಟ್ರಿ. ಅಂಥಾ ಕೈಗೆ ನಾ ಜಾತಿ ಹಚ್ಚಿ ಬೈದೆ...” ಅವನ ದನಿ ಒಡೆಯಿತು.

ಇಬ್ಬರೂ ಅತ್ತರು. ಗೌಹರಬೇಗಂ ಅಂಗಳ ಗುಡಿಸುವ ನೆಪದಲ್ಲಿ ಅತ್ತ ಮುಖ ತಿರುಗಿಸಿಕೊಂಡಳು.

ಎಷ್ಟೋ ಹೊತ್ತಿನ ಮೇಲೆ ಹಂಪಮ್ಮ ಎದ್ದಳು. ಕಾಸಿ ಆರಿಸಿದ ಹಂಡೆಯಲ್ಲಿ ತಂಬಿಗೆ ಅದ್ದಿದಳು. ಅರ್ಧ ನೀರು ಸೀರೆಯ ಮೇಲೇ ಚೆಲ್ಲಿತು. ಕಣ್ಣೆದುರು ಮುದುಕಿಯ ಮುಖ ಬಂತು. ಬಂದರೂ ಈ ಸಲ ಅವಳು ಕಣ್ಣು ಮುಚ್ಚಲಿಲ್ಲ.

ಹುಲಗಪ್ಪ ರೂಢಿಯಂತೆ ಬಗ್ಗಿ ಬೊಗಸೆ ಹಿಡಿದ.

“ಬೊಗಸಿ ಬ್ಯಾಡ್ರಿ.”

“ಮತ್ತ?”

“ತಂಬಿಗಿ ಹಿಡೀರಿ. ಕಚ್ಚಿ ಕುಡೀರಿ.”

ಅವನು ಗಕ್ಕನೆ ತಲೆಯೆತ್ತಿದ. “ಮಂದಿ ನೋಡ್ತಾರ...”

“ನೋಡ್ಲಿ.”

ಅವನು ಎರಡೂ ಕೈಯಿಂದ ತಂಬಿಗೆ ತೆಗೆದುಕೊಂಡು, ತುಟಿ ಹಚ್ಚಿ, ಒಂದೊಂದೇ ಗುಟುಕಾಗಿ ಕುಡಿದ. ಅವಳು ಅವನ ಗಂಟಲನ್ನೇ ನೋಡುತ್ತ ನಿಂತಳು. ಮೈಯೆಲ್ಲ ಬೆವೆತಿತ್ತು.

“ಈಗ ಹೋಗಬ್ಯಾಡ್ರಿ. ಹೊತ್ತು ಮುಳುಗೋತನ ಇಲ್ಲೇ ಕುಂದರ್ರಿ. ನನಗ ಅಂಜಿಕಿ.”

“ಕುಂದರ್ತೀನಿ. ನಾಳಿ?”

“ನಾಳಿನೂ ಅಂಜಿಕಿ ಬರ್ತದ. ಇದು ಹೋಗೂದಲ್ರಿ... ಪೂರಾ ಹೋಗೂದಲ್ಲ.”

“ಹಂಗಾದ್ರ ನಾಳಿನೂ ಬಂದು ನೀರು ಕುಡದು, ಜೀವಂತ ಇದ್ದೀನಿ ಅಂತ ತೋರಿಸಿ ಹೋಗ್ತೀನಿ. ನಾಡದೂ ಬರ್ತೀನಿ.”

“ದಿನಾ ಗೋಗಿಯಿಂದ ನಡಕೊಂತ?”

ಹುಲಗಪ್ಪ ಖಾಲಿ ತಂಬಿಗೆಯನ್ನು ತಿರುಗಿಸುತ್ತ ಮೆಲ್ಲಗೆ ಹೇಳಿದ: “ಒಂದ ಮನಿಯಾಗ ಇದ್ರ ನಡಿಯೋದು ತಪ್ಪುತೈತಿ. ನೀವು ಮನಸು ಮಾಡಿದ್ರ... ನಮ್ಮಾಗ ಉಡಿಕಿ ಐತ್ರಿ. ಸೀರಿ ತರ್ತೀನಿ.”

ಉಡಿಕೆ! ಗಂಡ ಸತ್ತ ಹೆಣ್ಣಿಗೆ ಸೀರೆ ಉಡಿಸಿ ಮತ್ತೆ ಮನೆ ತುಂಬಿಸಿಕೊಳ್ಳುವ ಪದ್ಧತಿ. ಹಂಪಮ್ಮನ ಕೆನ್ನೆ ಬಿಸಿಯಾಯಿತು.

“ನಮ್ಮಣ್ಣ ಬೈತಾನ. ಊರೇ ಬೈತದ.”

“ನೀರು ಕೊಡದಿದ್ರೂ ಊರು ಬೈತು. ಕೊಟ್ರೂ ಬೈತೈತಿ. ಬೈಲಿ ಬಿಡ್ರಿ.”

ಮೂರು ವರ್ಷದಲ್ಲಿ ಮೊದಲ ಸಲ ಅವಳು ನಕ್ಕಳು. ಆ ನಗು ಅಳುವಿನ ಪಕ್ಕದಲ್ಲೇ ಇತ್ತು. ಬಂದು ಅವನು ಕೂತ ಮೆಟ್ಟಿಲ ಮೇಲೆಯೇ ಕೂತಳು.

“ಹೊಟ್ಟಿ ನೋಯಾಕತ್ತಿಲ್ಲಲ್ರಿ?”

“ಇಲ್ರಿ.”

ಬೇವಿನ ನೆರಳು ಸ್ವಲ್ಪ ಸರಿಯಿತು.

“ಖರೇನ ನೋಯಾಕತ್ತಿಲ್ಲ?”

“ಇಲ್ಲ, ಹಂಪಮ್ಮ.”

“ಮತ್ತ ಮತ್ತ ಕೇಳ್ತೀನಿ ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ...”

“ಕೇಳು,” ಎಂದ ಹುಲಗಪ್ಪ. “ನನಗೇನು ಅವಸರ ಐತಿ?”